ರಾತ್ರಿ ಮೂರಕ್ಕೇ ಸೋರುವ ಅಡಲ್ಟ್ ಡೈಪರ್: ಒಂದು ಲೀಟರ್ ಕುಡಿಯೋದು ಕಾಲು ಲೀಟರಿಗೇ ಯಾಕೆ ಕೈ ಕೊಡುತ್ತೆ?

ನಿದ್ದೆಗೆಟ್ಟ ಸೊಸೆ
ನಮ್ಮತ್ತೆಗೆ 78. ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳಿಂದ ಹಾಸಿಗೆಯಲ್ಲೇ ಇದ್ದಾರೆ. ರಾತ್ರಿ ಹತ್ತಕ್ಕೆ ಡೈಪರ್ ಹಾಕಿ ಮಲಗಿಸಿದರೆ ಮೂರು ಗಂಟೆಗೆಲ್ಲ ಬೆಡ್‌ಶೀಟು, ನೈಟಿ, ಅಡಿಗಿರೋ ರಬ್ಬರ್ ಶೀಟು ಎಲ್ಲಾ ಒದ್ದೆ. ಆ ಹೊತ್ತಿನಲ್ಲಿ ಅವರನ್ನ ಹೊರಳಿಸಿ, ಒರೆಸಿ, ಬದಲಾಯಿಸಿ ಮತ್ತೆ ಮಲಗಿಸೋಷ್ಟರಲ್ಲಿ ನಾಲ್ಕೂವರೆ. ಐದೂವರೆಗೆ ಹಾಲಿನವನು.

ನಿನ್ನೆ ಸಿಟ್ಟು ಬಂದು ಹೊಸ ಡೈಪರೊಂದನ್ನ ಬಚ್ಚಲಲ್ಲಿ ಹರಡಿ ಅಳತೆ ಜಗ್ಗಿನಿಂದ ನೀರು ಹುಯ್ದೆ. ನಂಬ್ತೀರೋ ಇಲ್ವೋ, ಹತ್ತಿರ ಹತ್ತಿರ ಒಂದು ಲೀಟರ್ ಕುಡೀತು. ಕೆಳಗೆ ಒಂದು ಹನಿ ಇಲ್ಲ. ಆದರೆ ರಾತ್ರಿ ತೆಗೆದದ್ದನ್ನ ತೂಕ ಹಾಕಿದೆ (ಅಡುಗೆಮನೆ ತಕ್ಕಡಿಯಲ್ಲಿ ಅಲ್ಲ, ಬೈಬೇಡಿ). ಹೊಸದಕ್ಕಿಂತ 280 ಗ್ರಾಂ ಮಾತ್ರ ಜಾಸ್ತಿ. ಅಂದ್ರೆ ಹೊಟ್ಟೆ ಖಾಲಿ ಇಟ್ಕೊಂಡೇ ಸೋರಿದೆ! ಇದು ಹೇಗೆ? ಬ್ರ್ಯಾಂಡ್ ಎರಡು ಸಲ ಬದಲಾಯಿಸಿ ಆಯ್ತು.

ಬೆಣ್ಣೆದೋಸೆ
ಎಲ್ಲಾ ಕಂಪನಿ ಮೋಸ ಅಕ್ಕ. ಜಾಹೀರಾತಲ್ಲಿ ನೀಲಿ ನೀರು ಹುಯ್ದು ತೋರಿಸ್ತಾರಲ್ಲ, ನೀವು ಮಾಡಿದ್ದೂ ಅದನ್ನೇ.

ಕೆಮಿಸ್ಟ್ರಿ ಮೇಷ್ಟ್ರು
ಬೆಣ್ಣೆದೋಸೆ ಅರ್ಧ ಸರಿ ಹೇಳಿದ್ದಾರೆ, ಯಾಕೆ ಅಂತ ಹೇಳಲಿಲ್ಲ. ಆ ಡೈಪರಿನ ಹೊಟ್ಟೆಯಲ್ಲಿ ಸಕ್ಕರೆ ಹರಳಿನಂಥ ಪುಡಿ ಇರುತ್ತೆ, ಸೋಡಿಯಂ ಪಾಲಿಅಕ್ರಿಲೇಟ್. ಒಣಗಿದ್ದಾಗ ಸರಪಳಿ ಮುದುಡಿರುತ್ತೆ. ನೀರು ತಾಗಿದ ಕೂಡಲೇ ಸರಪಳಿ ಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವೆ, ಬಲೆ ಬಿಚ್ಚಿಕೊಳ್ಳುತ್ತೆ, ನೀರು ಒಳಗೆ ನುಗ್ಗಿ ಸಬ್ಬಕ್ಕಿ ಬೆಂದ ಹಾಗೆ ಉಬ್ಬುತ್ತೆ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಕುಡಿಯುತ್ತೆ. ಆದರೆ ಮೂತ್ರದಲ್ಲಿ ಉಪ್ಪಿದೆ. ಉಪ್ಪಿನ ಸೋಡಿಯಂ ಬಂದು ಆ ತಳ್ಳಾಟವನ್ನ ತಣ್ಣಗೆ ಮಾಡುತ್ತೆ, ಹೀರುವುದು 30ರಿಂದ 50 ಪಟ್ಟಿಗೆ ಇಳಿಯುತ್ತೆ.

ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ, ಹಾಕಿ ಇದೇ ಪರೀಕ್ಷೆ ಮತ್ತೆ ಮಾಡಿ. ಪ್ರಯೋಗಾಲಯದಲ್ಲೂ ಅದೇ ಅಳತೆಯ ಉಪ್ಪುನೀರು ಬಳಸುತ್ತಾರೆ.

ಬೋರ್‌ವೆಲ್ ಬಾಬು
ನಮ್ಮ ಕೋಲಾರದ ನೀರಲ್ಲಿ ಮಾಡಿದ್ರೆ ಉಪ್ಪೇ ಹಾಕಬೇಕಾಗಿಲ್ಲ ಮೇಷ್ಟ್ರೆ 😄

ಕೆಮಿಸ್ಟ್ರಿ ಮೇಷ್ಟ್ರು
@ಬೋರ್‌ವೆಲ್ ಬಾಬು ತಮಾಷೆ ಅಲ್ಲ, ನಿಜ. ಗಡಸು ನೀರಿನ ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು, ಎರಡು ಸರಪಳಿಗಳನ್ನ ಸೇರಿಸಿ ಗಂಟು ಹಾಕಿಬಿಡುತ್ತೆ. ಜೆಲ್ ಅಷ್ಟಾಗಿ ಉಬ್ಬಲ್ಲ.

ನಿದ್ದೆಗೆಟ್ಟ ಸೊಸೆ
ಮಾಡಿದೆ ಮೇಷ್ಟ್ರೆ. ಉಪ್ಪುನೀರಲ್ಲಿ 600 ದಾಟಿದ ಮೇಲೆ ಅಂಚಿಂದ ಜಿನುಗಿತು. ಒಪ್ಪಿದೆ. ಆದರೂ 280ಕ್ಕೂ 600ಕ್ಕೂ ಬಹಳ ದೂರ ಅಲ್ವಾ?

ಲೈನ್ ಆಪರೇಟರ್ (ನಿವೃತ್ತ)
ಈಗ ನನ್ನ ಸರದಿ. ಹನ್ನೊಂದು ವರ್ಷ ಇದೇ ವಸ್ತು ತಯಾರಾಗೋ ಲೈನ್‌ನಲ್ಲಿ ನಿಂತಿದ್ದೆ. ಎಲ್ಲರೂ ಎಷ್ಟು ಹೀರುತ್ತೆ ಅಂತ ಕೇಳ್ತಾರೆ, ಎಷ್ಟು ಬೇಗ ಹೀರುತ್ತೆ ಅಂತ ಯಾರೂ ಕೇಳಲ್ಲ. ಸೋರಿಕೆ ಅನ್ನೋದು ಬಹುಪಾಲು ವೇಗದ ಜಗಳ.

ಒಂದನ್ನ ಕತ್ತರಿಸಿ ನೋಡಿ. ಚರ್ಮಕ್ಕೆ ತಾಗೋ ಬಿಳಿ 'ಬಟ್ಟೆ' ಬಟ್ಟೆ ಅಲ್ಲವೇ ಅಲ್ಲ, ಪಾಲಿಪ್ರೊಪಿಲೀನ್. ಸಿಮೆಂಟ್ ಚೀಲ, ಮದುವೆಮನೆ ತಾಂಬೂಲದ ಚೀಲ ಎಲ್ಲಾ ಅದೇ ಕುಲ. ಅದರ ಹುಟ್ಟುಗುಣ ನೀರು ಅಂದರೆ ದೂರ ಓಡೋದು. ಅದರ ಮೇಲೆ ಸೋಪಿನ ಜಾತಿಯ ಒಂದು ತೆಳು ಲೇಪ ಕೊಟ್ಟರೇನೇ ನೀರು ಕೆಳಗಿಳಿಯುತ್ತೆ. ಅದರ ಕೆಳಗೆ ಸ್ವಲ್ಪ ಉಬ್ಬಿದ, ಕೆಲವು ಸಲ ನೀಲಿ ಅಥವಾ ಹಸಿರು ಬಣ್ಣದ ಪಟ್ಟಿ ಇರುತ್ತೆ. ನೀರನ್ನ ಒಂದು ಗಳಿಗೆ ಹಿಡಿದಿಟ್ಟು ಉದ್ದಕ್ಕೆ ಹರಡೋದು ಅದರ ಕೆಲಸ. ಅದರ ಕೆಳಗೆ ಹಿಂಜಿದ ಹತ್ತಿಯ ಹಾಗೆ ಕಾಣೋದು ಮರದ ಪಲ್ಪು, ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳ ಪೈನ್ ಮರದ್ದು, ನಾರು ಉದ್ದ ಅಂತ. ಆ ಪಲ್ಪಿನ ನಡುವೆ ಮೇಷ್ಟ್ರು ಹೇಳಿದ ಪುಡಿ.

ಬರೀ ಪುಡಿ ತುಂಬಿದರೆ ಏನಾಗುತ್ತೆ? ಮೇಲಿನ ಹರಳುಗಳು ಮೊದಲು ಉಬ್ಬಿ ಒಂದಕ್ಕೊಂದು ಅಂಟಿ ಬಾಗಿಲು ಹಾಕಿಬಿಡುತ್ತವೆ. ಕೆಳಗಿನವು ಉಪವಾಸ. ನಾವು ಜೆಲ್ ಬ್ಲಾಕಿಂಗ್ ಅಂತೀವಿ. ಪಲ್ಪಿನ ಕೆಲಸ ದಾರಿ ಬಿಡಿಸಿಕೊಡೋದು. ನೀವು ಜಗ್ಗಿನಿಂದ ನಿಧಾನಕ್ಕೆ, ಹರಡಿದ ಡೈಪರ್ ಮೇಲೆ, ಮೇಲೆ ಭಾರ ಇಲ್ಲದೆ ಹುಯ್ದಿರಿ. ಅತ್ತೆಯವರದ್ದು ಒಂದೇ ಜಾಗಕ್ಕೆ, ಒಂದೇ ಸಲಕ್ಕೆ, ಅವರ ಮೈಭಾರ ಹೊತ್ತುಕೊಂಡು. ಮೂರೂ ಬೇರೆ.

ಹುಬ್ಳಿ ಮಂದಿ
ಇಷ್ಟೆಲ್ಲ ಯಾಕ್ರಿ? ನಮ್ಮ ಆಯಿಗೆ ಹಳೀ ಧೋತ್ರದ ಅರಿವಿ ನಾಲ್ಕ ಮಡಚಿ ಹಾಕ್ತಿದ್ವಿ. ಒಂದ ಗುಳ್ಳಿ ಸುದ್ದಾ ಎದ್ದಿರಲಿಲ್ಲ. ಈ ಪ್ಲಾಸ್ಟಿಕ್ ಹಾಕಿ ಹಾಕಿ ಮಂದಿ ಮೈಯೆಲ್ಲ ಬೆಂದು ಹೋಗೇತಿ.

ಎರಡನೇ ಮಗು ಬೇಡಪ್ಪ
@ಹುಬ್ಳಿ ಮಂದಿ 'ಹಾಕ್ತಿದ್ವಿ' ಸರಿ ಸರ್. ತೊಳೀತಿದ್ದವರು ಯಾರು?

ಹುಬ್ಳಿ ಮಂದಿ
ಅವ್ವ ತೊಳೀತಿದ್ಲು.

ಎರಡನೇ ಮಗು ಬೇಡಪ್ಪ
ಅಷ್ಟೇ ಕೇಳಿದ್ದು.

ಹುಬ್ಳಿ ಮಂದಿ
ಬೈರಿ, ಬೈಸ್ಕೋತೀನಿ. ಆದ್ರ ಹಗಲೊತ್ತಿನ್ಯಾಗ ಅರಿವಿ, ರಾತ್ರಿ ಡೈಪರ್ ಅಂತ ಮಾಡಿದ್ರ ಚರ್ಮಕ್ಕ ಉಸಿರಾಡಾಕ ಆಕ್ಕೈತಿ ಅಂತ ಹೇಳಾಕ ಬಂದೆ.

ವಾರ್ಡ್ ಸಿಸ್ಟರ್
ಹುಬ್ಳಿ ಮಂದಿ ಕೊನೆಗೆ ಹೇಳಿದ ಮಾತು ಸರಿ. ಆದರೆ ಒದ್ದೆ ಬಟ್ಟೆ ಒದ್ದೆ ಡೈಪರಿಗಿಂತ ಕೆಟ್ಟದ್ದು, ಅದೂ ನೆನಪಿರಲಿ. ಮೂತ್ರ ಚರ್ಮದ ಮೇಲೆ ಕೂತರೆ ಅಮೋನಿಯಾ ಆಗಿ ಚರ್ಮದ ಆಮ್ಲಗುಣ ಹೋಗುತ್ತೆ, ಮಲವೂ ಸೇರಿದರೆ ಅದರ ಕಿಣ್ವಗಳು ಚರ್ಮ ತಿನ್ನುತ್ತವೆ. ಜೆಲ್ ಇರೋ ಡೈಪರಿನ ಲಾಭ ಏನಂದ್ರೆ ಒತ್ತಿದರೂ ನೀರು ವಾಪಸ್ ಮೇಲೆ ಬರೋದು ಕಡಿಮೆ.

ಸೊಸೆಯಮ್ಮ, ನಿಮಗೆ ನಾಲ್ಕು ಪ್ರಶ್ನೆ. ಸೈಜ್ ಸೊಂಟ ಅಳೆದು ತಂದಿರೋದಾ, 'ದೊಡ್ಡದಿದ್ದರೆ ಜಾಸ್ತಿ ಹೀರುತ್ತೆ' ಅಂತ ತಂದಿರೋದಾ? ಕಾಲಿನ ಬುಡದಲ್ಲಿ ಒಳಗಡೆ ಎರಡು ನಿಂತ ಗೋಡೆ ಥರ ಅಂಚು ಇರುತ್ತಲ್ಲ, ಹಾಕಿದ ಮೇಲೆ ಬೆರಳಾಡಿಸಿ ಅದನ್ನ ಎಬ್ಬಿಸಿ ನಿಲ್ಲಿಸ್ತೀರಾ? ಯಾವ ಮಗ್ಗುಲಿಗೆ ಮಲಗ್ತಾರೆ? ಹಾಕೋ ಮುಂಚೆ ಮೈಗೆ ಏನಾದ್ರೂ ಹಚ್ಚುತ್ತೀರಾ?

ನಿದ್ದೆಗೆಟ್ಟ ಸೊಸೆ
ಸೈಜ್ ಎಕ್ಸ್ಎಲ್ ಸಿಸ್ಟರ್. ಅಂದಾಜಲ್ಲಿ ತಂದಿದ್ದು. ಅತ್ತೆ ಈಗ ಬಹಳ ಇಳಿದುಹೋಗಿದ್ದಾರೆ. ಆ ಗೋಡೆ ವಿಷಯ ಇವತ್ತೇ ಕೇಳ್ತಿರೋದು. ಬಲಮಗ್ಗುಲು. ಮೈಗೆ ದಿನಾ ಸಂಜೆ ಕೊಬ್ಬರಿ ಎಣ್ಣೆ, ಧಾರಾಳವಾಗಿ. ನೋಡ್ಕೊಳ್ಳೋಕೆ ಬರೋ ಅಮ್ಮ ತೊಡೆ, ಕುಂಡಿ ಎಲ್ಲಾ ಎಣ್ಣೆ ಸುರಿದೇ ಹೋಗೋದು. ಅತ್ತೆಗೂ ಅದಿಲ್ಲದಿದ್ದರೆ ಆಗಲ್ಲ.

ಲೈನ್ ಆಪರೇಟರ್ (ನಿವೃತ್ತ)
ಅಯ್ಯೋ ದೇವರೇ. ಎಣ್ಣೆ!!

ಸಿಸ್ಟರ್ ಕಳ್ಳನನ್ನ ಹಿಡಿದರು. ನಾನು ಮೇಲೆ ಹೇಳಿದ ಸೋಪಿನ ಲೇಪ ನೆನಪಿದೆಯಾ? ಎಣ್ಣೆ ಹತ್ತಿದ ಕಡೆ ಆ ಲೇಪ ಇದ್ದೂ ಇಲ್ಲದ ಹಾಗೆ. ಆಮೇಲೆ ಅದು ಬರೀ ತಾಂಬೂಲದ ಚೀಲ. ನೀರು ಕೆಳಗಿಳಿಯದೆ ಪಕ್ಕಕ್ಕೆ ಓಡುತ್ತೆ, ಪಕ್ಕದಲ್ಲಿ ಗೋಡೆಯೂ ನಿಂತಿಲ್ಲ, ಸೈಜ್ ಬೇರೆ ದೊಡ್ಡದು, ತೊಡೆ ಹತ್ತಿರ ಸಂದಿ. ಇನ್ನೇನು ಬೇಕು?

ಬೆಣ್ಣೆದೋಸೆ
ಕಂಪನಿ ಮೋಸ ಅಂದಿದ್ದು ವಾಪಸ್ ತಗೋತೀನಿ. ಅರ್ಧ.

ಕಡಲತಡಿ
ಮಾರಾಯ್ರೆ, ನನಗೆ ಒಂದು ಡೌಟ್ ಉಂಟು. ನಾವು ಮಾವನಿಗೆ ಎರಡು ಡೈಪರ್ ಒಂದರ ಮೇಲೊಂದು ಹಾಕ್ತಿದ್ದೆವು. ಆದ್ರೂ ಸೋರ್ತಿತ್ತು. ಎರಡನೆಯದ್ದು ಬೆಳಿಗ್ಗೆ ತೆಗೆದರೆ ಒಣಗಿಯೇ ಇರ್ತಿತ್ತು!

ಲೈನ್ ಆಪರೇಟರ್ (ನಿವೃತ್ತ)
ಒಳಗಿನದರ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಹೊರಗಿನದಕ್ಕೆ ನೀರು ಹೋಗೋದಾದರೂ ಹೇಗೆ? ಛತ್ರಿ ಒಳಗೆ ಛತ್ರಿ ಹಿಡಿದ ಹಾಗಾಯ್ತು. ಬೆನ್ನಿಗೆ ಪ್ಲಾಸ್ಟಿಕ್ ಇಲ್ಲದ ಬೂಸ್ಟರ್ ಪ್ಯಾಡ್ ಅಂತ ಬೇರೆ ಸಿಗುತ್ತೆ, ಅದು ತುಂಬಿದ ಮೇಲೆ ಕೆಳಗೆ ಬಿಡುತ್ತೆ. ಅದನ್ನ ಒಳಗಿಡಿ.

ಆ ಪ್ಲಾಸ್ಟಿಕ್ ಹಾಳೆಯದ್ದೂ ಒಂದು ಸ್ವಾರಸ್ಯ ಇದೆ. ಒಳ್ಳೆ ಡೈಪರಿನಲ್ಲಿ ಅದು ಸಾದಾ ಪಾಲಿಥೀನ್ ಅಲ್ಲ. ಸುಣ್ಣಕಲ್ಲಿನ ಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿ ಹಾಳೆ ಮಾಡಿ ಜಗ್ಗುತ್ತಾರೆ. ಜಗ್ಗಿದಾಗ ಪ್ರತಿ ಕಣದ ಸುತ್ತ ಪ್ಲಾಸ್ಟಿಕ್ ಬಿಟ್ಟುಕೊಂಡು ಕಣ್ಣಿಗೆ ಕಾಣದ ರಂಧ್ರ. ನೀರು ದಾಟಲ್ಲ, ಹಬೆ ದಾಟುತ್ತೆ. ಬಿಸಿನೀರಿನ ಲೋಟದ ಬಾಯಿಗೆ ಆ ಹಾಳೆ ಬಿಗಿದು ಮೇಲೊಂದು ಸ್ಟೀಲ್ ತಟ್ಟೆ ಹಿಡೀರಿ, ತಟ್ಟೆ ಬೆವರಿದರೆ ಹಾಳೆ ಉಸಿರಾಡುತ್ತೆ ಅಂತ ಅರ್ಥ. ನಮ್ಮ ಮಾರಾಟದ ಹುಡುಗರು ಅಂಗಡಿಗಳಲ್ಲಿ ಇದನ್ನೇ ಮಾಡಿ ತೋರಿಸ್ತಿದ್ದರು.

ಎರಡನೇ ಮಗು ಬೇಡಪ್ಪ
ವಿಷಯಾಂತರಕ್ಕೆ ಕ್ಷಮಿಸಿ, ಆದರೆ ಜೆಲ್ ವಿಷಯ ಬಂದಿದ್ದಕ್ಕೆ ಹೇಳಲೇಬೇಕು. ಮಗನ ಡೈಪರ್ ಹೇಗೋ ಬಟ್ಟೆ ಜೊತೆ ವಾಷಿಂಗ್ ಮೆಷಿನ್ ಸೇರಿಬಿಟ್ಟಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಹಿಮಾಲಯ. ನನ್ನ ಕಪ್ಪು ಕುರ್ತಾ ಮೇಲೆ, ಗಂಡನ ಆಫೀಸ್ ಪ್ಯಾಂಟಿನ ಜೇಬೊಳಗೆ, ಡ್ರಮ್ಮಿನ ಒಂದೊಂದು ತೂತಲ್ಲೂ ಲೊಳಲೊಳ. ಮತ್ತೆ ನೀರು ಬಿಟ್ಟೆ, ಇನ್ನೂ ಉಬ್ಬಿತು. ಅಳೋದೊಂದು ಬಾಕಿ.

ಕೆಮಿಸ್ಟ್ರಿ ಮೇಷ್ಟ್ರು
ಉಪ್ಪು ಹಾಕಬೇಕಿತ್ತು! ಎರಡು ಹಿಡಿ ಕಲ್ಲುಪ್ಪು ಹಾಕಿ ತಿರುಗಿಸಿದರೆ ಜೆಲ್ ನೀರು ಬಿಟ್ಟು ಕುಗ್ಗುತ್ತೆ, ಹರಿದು ಹೋಗುತ್ತೆ. ಮೇಲೆ ಹೇಳಿದ ಅದೇ ಪಾಠ, ತಿರುಗಿಸಿ ಓದಿದ್ದು.

ಎರಡನೇ ಮಗು ಬೇಡಪ್ಪ
ಇದನ್ನ ಮೂರು ವರ್ಷದ ಹಿಂದೆ ಹೇಳಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಸರ್. ನಾನು ಚಮಚದಲ್ಲಿ ತೋಡಿದೆ.

ಟೆರೇಸ್ ತೋಟ
ಆ ಜೆಲ್ ಕುಂಡಕ್ಕೆ ಹಾಕಿದರೆ ವಾರಗಟ್ಟಲೆ ನೀರು ಹಾಕೋದೇ ಬೇಡವಂತೆ. ಯಾರಾದ್ರೂ ಮಾಡಿದ್ದೀರಾ?

ಕೆಮಿಸ್ಟ್ರಿ ಮೇಷ್ಟ್ರು
ಈ ಕಲ್ಪನೆ ಹುಟ್ಟಿದ್ದೇ ಹೊಲಕ್ಕಾಗಿ! ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಪಿಷ್ಟಕ್ಕೆ ಪಾಲಿಮರ್ ಕಸಿ ಮಾಡಿ 'ಸೂಪರ್ ಸ್ಲರ್ಪರ್' ಅಂತ ಹೆಸರಿಟ್ಟರು, 1970ರ ದಶಕದಲ್ಲಿ. ಡೈಪರಿಗೆ ಬಂದದ್ದು ಆಮೇಲೆ. ಆದರೆ ಡೈಪರಿನದ್ದು ಸೋಡಿಯಂ ಲವಣ, ಕುಂಡದ ಮಣ್ಣಿಗೆ ಸೋಡಿಯಂ ಒಳ್ಳೆಯದಲ್ಲ. ಬೇಸಾಯಕ್ಕೆ ಪೊಟ್ಯಾಸಿಯಂನದ್ದು ಬೇರೆ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರ ಪೂಸಾ ಹೈಡ್ರೋಜೆಲ್ ಇದೆ, ಅದನ್ನ ಹಾಕಿ. ಬಳಸಿದ ಡೈಪರ್ ಅಂತೂ ಗಿಡದ ಹತ್ತಿರವೂ ಬೇಡ.

ಮುಟ್ಟು ಗುಟ್ಟಲ್ಲ
ನೀಲಿ ನೀರಿನ ಮಾತು ಬಂತಲ್ಲ, ಅದನ್ನ ಅಷ್ಟಕ್ಕೇ ಬಿಡಬೇಡಿ. ಸ್ಯಾನಿಟರಿ ಪ್ಯಾಡಿನ ಕಥೆ ಇನ್ನೂ ಕೆಟ್ಟದಾಗಿದೆ. ರಕ್ತ ಮೂತ್ರದ ಹಾಗೆ ತೆಳು ಅಲ್ಲ, ಅದರಲ್ಲಿ ಕಣ ಇದೆ, ಪ್ರೋಟೀನ್ ಇದೆ, ಜೆಲ್ ಅದನ್ನ ನೀರಿನಷ್ಟು ಸಲೀಸಾಗಿ ಹೀರಲ್ಲ. ಆದರೂ ಕಂಪನಿಗಳು ಅಳೆಯುತ್ತಿದ್ದದ್ದು ಉಪ್ಪುನೀರಿನಲ್ಲೋ ಸಾದಾ ನೀರಿನಲ್ಲೋ. ಪ್ಯಾಡ್, ಒಳಗಿಡೋ ಮುಟ್ಟಿನ ಕಪ್, ಡಿಸ್ಕ್ ಎಲ್ಲವನ್ನೂ ನಿಜವಾದ ಮನುಷ್ಯ ರಕ್ತ ಹಾಕಿ ಹೋಲಿಸಿ ನೋಡಿದ ಮೊದಲ ಅಧ್ಯಯನ ಬಂದದ್ದು 2023ರಲ್ಲಿ! ಅಮೆರಿಕದ ಒರೆಗಾನ್‌ನ ವೈದ್ಯರು 21 ಉತ್ಪನ್ನ ನೋಡಿದರು. ಮನುಷ್ಯ ಚಂದ್ರನ ಮೇಲೆ ಇಳಿದದ್ದು 1969ರಲ್ಲಿ.

ಬೆಣ್ಣೆದೋಸೆ
ಚಂದ್ರನನ್ನ ಎಲ್ಲದಕ್ಕೂ ಯಾಕೆ ಎಳೀತೀರಿ 😅 ನಮ್ಮಲ್ಲಿ ಐಎಸ್ಐ ಗುರುತಿಗೆ ಪರೀಕ್ಷೆ ಇಲ್ವಾ?

ಲೈನ್ ಆಪರೇಟರ್ (ನಿವೃತ್ತ)
ಇದೆ. ಪ್ಯಾಡಿಗೆ ಐಎಸ್ 5405 ಅನ್ನೋ ಭಾರತೀಯ ಮಾನಕ. 1980ರ ಆವೃತ್ತಿಯನ್ನ 2019ರಲ್ಲಿ ಪರಿಷ್ಕರಿಸಿದರು. ಹಳೇ ಪುಸ್ತಕದ ಪ್ರಕಾರ ನಿಮಿಷಕ್ಕೆ 15 ಮಿಲಿಯಂತೆ 30 ಮಿಲಿ ದ್ರವ ಬಿಡಬೇಕು, ಕೆಳಗೋ ಪಕ್ಕಕ್ಕೋ ಕಾಣಿಸಿಕೊಳ್ಳಬಾರದು. ಬಣ್ಣದ ನೀರೂ ಆಗುತ್ತೆ, ಕುರಿ ಮೇಕೆ ರಕ್ತವೂ ಆಗುತ್ತೆ ಅಂತ ಬರೆದಿತ್ತು. ಎರಡರಲ್ಲಿ ಯಾವುದು ಸುಲಭ ಅಂತ ನೀವೇ ಹೇಳಿ. ಮಕ್ಕಳ ಡೈಪರಿಗೆ ಐಎಸ್ 17509 ಬಂದದ್ದು 2021ರಲ್ಲಿ.

ಮುಟ್ಟು ಗುಟ್ಟಲ್ಲ
ಇನ್ನೊಂದು, 'ಹತ್ತಿಯ ಮೃದುತ್ವ' ಅಂತ ಪ್ಯಾಕೆಟ್ ಮೇಲೆ ಹತ್ತಿಹೂವಿನ ಚಿತ್ರ ನೋಡಿ ಮೋಸ ಹೋಗಬೇಡಿ. ಕೊಯಮತ್ತೂರಿನ ಮುರುಗಾನಂದಂ ಕಡಿಮೆ ಬೆಲೆಯ ಪ್ಯಾಡ್ ಮಾಡಲು ಹೊರಟು ಮೊದಲು ಹತ್ತಿ ತುಂಬಿ ಸೋತದ್ದು ಇದೇ ಕಾರಣಕ್ಕೆ. ಒಳಗಿರೋದು ಮರ ಅಂತ ಗೊತ್ತಾಗಲು ಅವರಿಗೆ ವರ್ಷಗಳೇ ಹಿಡಿದವು.

ಹುಬ್ಳಿ ಮಂದಿ
ಮರದ ಪಲ್ಪ್ ಯಾಕ್ರಿ ಬೇಕಾಗಿತ್ತು, ನಮ್ಮಲ್ಲಿ ಬಾಳಿ ನಾರು ಇಲ್ಲೇನು?

ಲೈನ್ ಆಪರೇಟರ್ (ನಿವೃತ್ತ)
ಬಾಳೆನಾರಿನ ಪ್ಯಾಡ್ ಮಾಡೋವರು ಇದ್ದಾರೆ, ಅಹಮದಾಬಾದಿನವರು. ಒಳ್ಳೇದೇ. ಆದರೆ ಪೈನ್ ಪಲ್ಪು ಹಾಳೆಯ ಸುರುಳಿಯಾಗಿ ಬರುತ್ತೆ, ಗಿರಣಿಗೆ ಕೊಟ್ಟರೆ ಹೂವಿನ ಹಾಗೆ ಉದುರುತ್ತೆ, ದಿನಕ್ಕೆ ಟನ್‌ಗಟ್ಟಲೆ. ಬಾಳೆದಿಂಡಿನ ಅಂಟು, ನಾರನ್ನ ಗಡುಸು ಮಾಡೋ ಲಿಗ್ನಿನ್ ತೆಗೆದು ಅಷ್ಟು ಮೆತ್ತಗೆ ಮಾಡೋಕೆ ಕೆಲಸ ಜಾಸ್ತಿ, ಖರ್ಚು ಜಾಸ್ತಿ. ಅಂಗಡಿಯಲ್ಲಿ ಪಕ್ಕದಲ್ಲೇ ಜನೌಷಧಿಯ ಒಂದು ರೂಪಾಯಿ ಪ್ಯಾಡ್ ಇರುತ್ತೆ.

ಕಡಲತಡಿ
ಬಳಸಿದ ಮೇಲೆ ಏನು ಮಾಡ್ತೀರಿ ನೀವೆಲ್ಲ? ನಮ್ಮ ಕಡೆ ಬಚ್ಚಲ ಹಂಡೆ ಒಲೆಗೆ ಹಾಕಿಬಿಡ್ತಾರೆ.

ಕೆಂಪು ಬುಟ್ಟಿ
ದಯವಿಟ್ಟು ಬೇಡ! ಪಾಲಿಥೀನ್, ಪಾಲಿಪ್ರೊಪಿಲೀನ್ ಒಲೆಯಲ್ಲಿ ಸುಟ್ಟ ಹೊಗೆಯನ್ನ ನೀವೇ ಕುಡೀತೀರಿ, ಅದೇ ಒಲೆಯ ಬೂದಿಯನ್ನ ತೆಂಗಿನ ಬುಡಕ್ಕೆ ಹಾಕ್ತೀರಿ. ಅರ್ಧ ಲೀಟರ್ ಮೂತ್ರ ಹೊತ್ತ ಜೆಲ್ ಉರಿಯೋದೂ ಇಲ್ಲ, ಬರೀ ಹೊಗೆಯಾಡುತ್ತೆ.

ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಇಂಥದ್ದಕ್ಕೆ ಕೆಂಪು ಬುಟ್ಟಿ ಅಂತ ಪದ್ಧತಿ ಬಂದು ಎಷ್ಟು ವರ್ಷ ಆಯ್ತು! ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿ, ಪೌರಕಾರ್ಮಿಕರು ಬಿಚ್ಚದೆಯೇ ಬೇರೆ ಇಡಬಹುದು. ಒಣ ಕಸದ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಕೂರ್ತೀನಿ. ಪಿಜ್ಜಾ ಡಬ್ಬಿಯೊಳಗೆ ಮಡಚಿಟ್ಟ ಡೈಪರ್ ಬಿಚ್ಚಿದ ಹೆಂಗಸು ಮಧ್ಯಾಹ್ನ ಊಟ ಮಾಡಲಿಲ್ಲ, ಎದುರಿಗೇ ಇದ್ದೆ ನಾನು. 2016ರ ಘನತ್ಯಾಜ್ಯ ನಿಯಮದಲ್ಲಿ ತಯಾರಕರು ಮರುಬಳಕೆಯಾಗೋ ವಸ್ತು ಬಳಸೋಕೆ ನೋಡಬೇಕು, ಇಲ್ಲವೇ ಸುತ್ತಿ ಎಸೆಯಲು ಕವರು ಕೊಡಬೇಕು ಅಂತಿತ್ತು. ನನ್ನ ಕೈಗೆ ಸಿಕ್ಕ ಅಡಲ್ಟ್ ಡೈಪರ್ ಪ್ಯಾಕ್ ಒಂದರಲ್ಲೂ ಕವರ್ ಕಂಡಿಲ್ಲ.

ಬೋರ್‌ವೆಲ್ ಬಾಬು
ಕವರ್ ಬಿಡಿ, ತೆರಿಗೆ ಅಂತೂ ಸರಿಯಾಗಿ ಕಿತ್ತಿದ್ದಾರೆ.

ಕೆಂಪು ಬುಟ್ಟಿ
ಪ್ಯಾಡಿಗೆ 2018ರ ಜುಲೈನಲ್ಲೇ ತೆಗೆದರು. ಡೈಪರಿಗೆ 12 ಇದ್ದದ್ದು 2025ರ ಸೆಪ್ಟೆಂಬರಿನಿಂದ 5 ಪರ್ಸೆಂಟ್. ಹಳೇ ಎಂಆರ್‌ಪಿಗೇ ಕೊಡ್ತಿದ್ದರೆ ಅಂಗಡಿಯವನ ಹತ್ತಿರ ಜಗಳ ಆಡಿ, ಇಲ್ಲಲ್ಲ.

ನಿದ್ದೆಗೆಟ್ಟ ಸೊಸೆ
ಎಲ್ಲರಿಗೂ ನಮಸ್ಕಾರ, ಐದು ದಿನದ ವರದಿ ಒಪ್ಪಿಸ್ತಿದ್ದೀನಿ.

ಮೊದಲು ಎಣ್ಣೆ ಪರೀಕ್ಷೆ. ಹೊಸ ಡೈಪರ್ ಒಂದನ್ನ ಅರ್ಧಕ್ಕೆ ಕತ್ತರಿಸಿ, ಒಂದು ತುಂಡಿಗೆ ಅಂಗೈಯಲ್ಲಿ ಉಳಿಯೋಷ್ಟು ಕೊಬ್ಬರಿ ಎಣ್ಣೆ ಸವರಿ, ಎರಡನ್ನೂ ಮಣೆ ಮೇಲೆ ಸ್ವಲ್ಪ ಇಳಿಜಾರಾಗಿ ಇಟ್ಟೆ. ಒಂದೊಂದು ಲೋಟ ಉಪ್ಪುನೀರು. ಎಣ್ಣೆ ಇಲ್ಲದ್ದು ಗುಳುಂ ಅಂತ ನುಂಗಿತು. ಎಣ್ಣೆ ಸವರಿದ್ದರ ಮೇಲೆ ನೀರು ಕೆಸುವಿನೆಲೆ ಮೇಲಿನ ಹನಿ ಥರ ದುಂಡಗಾಗಿ, ಹೊಳೀತಾ, ಉರುಳಿ ಉರುಳಿ ನೆಲಕ್ಕೆ ಬಿತ್ತು. ಒಳಗೆ ಬಿಚ್ಚಿ ನೋಡಿದರೆ ಪುಡಿ ಹಾಗೇ ಒಣಗಿದೆ! ನಮ್ಮೆಜಮಾನರನ್ನ ಕರೆದು ತೋರಿಸಿದೆ. 'ಬೆಳಗಾಗೆದ್ದು ಇದೆಲ್ಲಾ ಏನೇ' ಅಂದರು. ರಾತ್ರಿ ಮೂರಕ್ಕೆ ಅವರೊಂದು ದಿನ ಎದ್ದಿದ್ದರೆ ಈ ಪ್ರಶ್ನೆ ಬರ್ತಿರಲಿಲ್ಲ.

ಈಗ ಎಣ್ಣೆ ಬೆಳಿಗ್ಗೆ, ಸ್ನಾನಕ್ಕೆ ಒಂದು ಗಂಟೆ ಮುಂಚೆ. ಸೈಜ್ ಎಲ್‌ಗೆ ಇಳಿಸಿದೆ. ಮಲಗಿಸಿದ ಮೇಲೆ ಎರಡೂ ಕಡೆ ಬೆರಳಾಡಿಸಿ ಗೋಡೆ ಎಬ್ಬಿಸ್ತೀನಿ. ಕೆಳಗಾಗೋ ಬಲಗಡೆ ಅಂಚನ್ನ ಸ್ವಲ್ಪ ಮೇಲಕ್ಕೆಳೆದು ಅಂಟಿಸ್ತೀನಿ. ಐದರಲ್ಲಿ ನಾಲ್ಕು ರಾತ್ರಿ ಹಾಸಿಗೆ ಒಣಗಿತ್ತು. ನಿನ್ನೆ ಬೆಳಿಗ್ಗೆ ತೂಕ ಹಾಕಿದರೆ 510 ಗ್ರಾಂ ಜಾಸ್ತಿ. ಅದೇ ಕಂಪನಿಯದ್ದೇ!

ಸೋರಿದ ಆ ಒಂದು ರಾತ್ರಿ ನಾದಿನಿ ಬಂದಿದ್ದಳು. ಅಮ್ಮನಿಗೆ ಮೈ ಒಣಗಿದೆ ಅಂತ ಪ್ರೀತಿಯಿಂದ ಎಣ್ಣೆ ಹಚ್ಚಿದ್ದಳು.

ವಾರ್ಡ್ ಸಿಸ್ಟರ್
ಬಹಳ ಸಂತೋಷ. ಒಂದೇ ಮಾತು, ಡೈಪರ್ ಒಣಗಿದೆ ಅಂತ ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಬಿಡಬೇಡಿ. ಬೆನ್ನುಹುಣ್ಣು ಬರೋದು ಒತ್ತಡದಿಂದಲೂ. ನಡುವೆ ಒಂದು ಸಲವಾದರೂ ಮಗ್ಗುಲು ಬದಲಾಯಿಸಿ. ಚರ್ಮ ಕೆಂಪಾಗಿದ್ದರೆ ಎಣ್ಣೆ ಬದಲು ಕ್ರೀಮ್, ಅದೂ ಬೇಳೆಕಾಳಿನಷ್ಟು, ಪೂರ್ತಿ ಉಜ್ಜಿ ಇಂಗಿಸಿ.

ನಿದ್ದೆಗೆಟ್ಟ ಸೊಸೆ
ಆಗಲಿ ಸಿಸ್ಟರ್, ಒಂದು ಗಂಟೆಗೆ ಅಲಾರಂ ಇಟ್ಟಿದ್ದೀನಿ. ಇವತ್ತಿಂದ ನಮ್ಮೆಜಮಾನರ ಫೋನಿನಲ್ಲಿ, ನನ್ನದರಲ್ಲಿ ಅಲ್ಲ.

ಬೆಣ್ಣೆದೋಸೆ
ಅಕ್ಕ, ಕೊನೆಗೂ ಬ್ರ್ಯಾಂಡ್ ಯಾವುದು ಅಂತ ಹೇಳಲೇ ಇಲ್ಲ?

ನಿದ್ದೆಗೆಟ್ಟ ಸೊಸೆ
ಹೇಳಲ್ಲ. ಹೇಳಿದರೆ ನಾಳೆಯಿಂದ ಇಲ್ಲಿ ಅದೊಂದೇ ಜಗಳ.

ಟೆರೇಸ್ ತೋಟ
ಕತ್ತರಿಸಿದ ಆ ಒಣ ತುಂಡಿನ ಪುಡಿ ಎಸೆದುಬಿಟ್ರಾ?

ಕೆಮಿಸ್ಟ್ರಿ ಮೇಷ್ಟ್ರು
ಸೋಡಿಯಂ ಅಂತ ಹೇಳಿದೆನಲ್ಲ ಮಾರಾಯರೆ!